ವಿದೂಷಕನಿಂದ ಸ್ಟ್ಯಾಂಡಪ್‌ವರೆಗೆ: ರಂಗಭೂಮಿಯ ಹಾಸ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಮಾನ್ವಿ ಕಡೆಯ ಊರುಗಳಲ್ಲಿ ನಾಟಕದ ತಾಲೀಮು ನಡೆಯುವಾಗ, ಆಟ ಮುಗಿದ ಮೇಲಿನ ಹರಟೆಯಲ್ಲಿ, ಕಾಲೇಜು ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಹಾಸ್ಯದ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ತಲೆ ಕೆರೆದುಕೊಳ್ಳುವಂಥವು ಕೊನೆಗೆ ಬರುತ್ತವೆ.

## ಮೊದಲು ಕೇಳುವ ಪ್ರಶ್ನೆಗಳು

ಹಳೇ ನಾಟಕ ಅಂದ್ರ ಬರೀ ಯುದ್ಧ, ಅಳು, ಶಾಪ ಅಲ್ಲೇನ್ರಿ? ಅದರಾಗ ನಗೆಗೆ ಜಾಗ ಎಲ್ಲಿತ್ತು?

ಜಾಗ ಮೊದಲಿನಿಂದಲೂ ಇತ್ತು, ಅದೂ ದೊಡ್ಡ ಜಾಗವೇ ಇತ್ತು. ಸುಮಾರು ಎರಡು ಸಾವಿರ ವರ್ಷ ಹಳೆಯದೆಂದು ಎಣಿಸಲಾಗುವ ಭರತನ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳುವಾಗ ಶೃಂಗಾರದ ಬೆನ್ನಿಗೇ ಹಾಸ್ಯವನ್ನು ಇಟ್ಟು, ಶೃಂಗಾರದಿಂದಲೇ ಹಾಸ್ಯ ಹುಟ್ಟುತ್ತದೆ ಎನ್ನುತ್ತದೆ. ಅಲ್ಲಿಗೇ ನಿಲ್ಲದೆ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಮೊದಲ ಎರಡನ್ನು ಉತ್ತಮ ಪಾತ್ರಗಳಿಗೂ ನಡುವಿನ ಎರಡನ್ನು ಮಧ್ಯಮ ಪಾತ್ರಗಳಿಗೂ ಕೊನೆಯ ಎರಡನ್ನು ಅಧಮ ಪಾತ್ರಗಳಿಗೂ ಹಂಚುತ್ತದೆ. ಹಲ್ಲು ಕಾಣದ ಮುಗುಳ್ನಗೆ ದೊರೆಯ ಪಾಲಿಗೆ, ಕಣ್ಣಲ್ಲಿ ನೀರು ತುಂಬಿ ಪಕ್ಕೆ ಹಿಡಿದುಕೊಂಡು ನಗುವುದು ಆಳುಕಾಳುಗಳ ಪಾಲಿಗೆ. ಅಂದಿನ ಸಮಾಜದ ಮೇಲುಕೀಳು ನಗೆಯ ಪಟ್ಟಿಯೊಳಗೂ ನುಸುಳಿದೆ.

ಪೂರ್ತಿ ನಗೆಗೆಂದೇ ಮೀಸಲಾದ ರೂಪಕವೂ (ನಾಟಕದ ಒಂದು ಬಗೆ) ಇತ್ತು, ಅದರ ಹೆಸರು ಪ್ರಹಸನ. 7ನೇ ಶತಮಾನದ ಪಲ್ಲವ ದೊರೆ ಒಂದನೆಯ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ ಕಾಂಚಿಯ ಬೀದಿಯಲ್ಲಿ ಕುಡಿದು ತೂರಾಡುವ ಕಾಪಾಲಿಕ ಸಂನ್ಯಾಸಿಯೊಬ್ಬ ತನ್ನ ಕಪಾಲ, ಅಂದರೆ ತಲೆಬುರುಡೆಯ ಭಿಕ್ಷಾಪಾತ್ರೆ ಕಳೆದುಕೊಂಡು, ಅದನ್ನು ಕದ್ದವನು ದಾರಿಹೋಕ ಬೌದ್ಧ ಭಿಕ್ಷುವೇ ಎಂದು ರಂಪ ಮಾಡುತ್ತಾನೆ. ಸಿಂಹಾಸನದ ಮೇಲಿದ್ದವನೇ ತನ್ನ ರಾಜಧಾನಿಯ ಸಂನ್ಯಾಸಿಗಳನ್ನು ಹೀಗೆ ಗೇಲಿ ಮಾಡಿ ಬರೆದ ಎಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಆಧುನಿಕ ಕನ್ನಡ ನಾಟಕದ ಆರಂಭದಲ್ಲೂ ಪ್ರಹಸನವೇ ಇದೆ. ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ಬರೆದ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವು ಹಣಕ್ಕಾಗಿ ಹೆಣ್ಣುಮಕ್ಕಳನ್ನು ಮುದುಕರಿಗೆ ಕೊಡುವ ಚಟವನ್ನು ನಗೆಯ ಮೂಲಕವೇ ಝಾಡಿಸುತ್ತದೆ.

ವಿದೂಷಕ ಅಂದ್ರ ಜೋಕರ್ ಅಂತ ತಿಳ್ಕೋಬಹುದಾ ಸರ್?

ವೇಷ ನೋಡಿದರೆ ಹಾಗೆ ತಿಳಿದುಕೊಳ್ಳಬಹುದು. ಕುಳ್ಳು ದೇಹ, ಉಬ್ಬು ಹಲ್ಲು, ಗೂನು ಬೆನ್ನು, ಬೋಳು ತಲೆ ಎಂದೇ ಶಾಸ್ತ್ರ ಅವನನ್ನು ವರ್ಣಿಸುತ್ತದೆ. ಆದರೆ ಅವನು ನಾಟಕದಲ್ಲಿ ನಿರ್ವಹಿಸುವ ಕೆಲಸ ಬೇರೆ. ವಿದೂಷಕನು ರಾಜನ ಗೆಳೆಯ. ಅರಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಮಾತನಾಡುವಾಗ ಇವನೊಬ್ಬ ರಾಜನ ಹೆಗಲಿಗೆ ಹೆಗಲು ಕೊಟ್ಟು ಕುಳಿತು, ಊಟದ ಮಾತು ಎತ್ತುತ್ತಾನೆ. ಹುಟ್ಟಿನಿಂದ ಬ್ರಾಹ್ಮಣನಾದರೂ ಸಂಸ್ಕೃತ ಬಿಟ್ಟು ಪ್ರಾಕೃತದಲ್ಲಿ ಮಾತನಾಡುತ್ತಾನೆ. ಕಾಳಿದಾಸನ ‘ಶಾಕುಂತಲ’ದ ಮಾಧವ್ಯ, ಭಾಸನ ‘ಸ್ವಪ್ನವಾಸವದತ್ತ’ದ ವಸಂತಕ, ಶೂದ್ರಕನ ‘ಮೃಚ್ಛಕಟಿಕ’ದ ಮೈತ್ರೇಯ ಮೂವರೂ ಒಂದೇ ಅಚ್ಚಿನವರಲ್ಲ. ಮೈತ್ರೇಯನಂತೂ ದಿವಾಳಿಯೆದ್ದ ಗೆಳೆಯ ಚಾರುದತ್ತನನ್ನು ಬಿಟ್ಟುಹೋಗದೆ, ಒಳ್ಳೆಯ ಊಟದ ದಿನಗಳನ್ನು ನೆನೆದು ಗೊಣಗುತ್ತಲೇ ಕಷ್ಟದಲ್ಲಿ ಜೊತೆಗಿರುತ್ತಾನೆ. ಅವನ ಗೊಣಗಾಟಕ್ಕೆ ನಗುವ ಪ್ರೇಕ್ಷಕನು ಅವನ ನಿಷ್ಠೆಗೆ ತಲೆದೂಗುತ್ತಾನೆ.

ನಮ್ಮ ದೊಡ್ಡಾಟದ ಸಾರಥಿನೂ ವಿದೂಷಕನೂ ಒಬ್ಬನೇ ಏನು?

ವಂಶಾವಳಿ ಹಿಡಿದು ಇವನು ಅವನ ಮೊಮ್ಮಗ ಎಂದು ಸಾಧಿಸುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಇಬ್ಬರೂ ನಿಂತಿರುವ ಜಾಗ ಒಂದೇ: ರಾಜನ ಪಕ್ಕದಲ್ಲಿ, ಪ್ರೇಕ್ಷಕರ ಕಡೆಗೆ ಅರ್ಧ ಮುಖ ತಿರುಗಿಸಿ.

ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಿ ಭುಜಕೀರ್ತಿ, ಕಿರೀಟ ಕಟ್ಟಿದ ಪಾತ್ರ ಕುಣಿಯುತ್ತ ಅಟ್ಟದ ಮೇಲೆ ಬರುತ್ತದೆ. ಮದ್ದಳೆಯ ಸದ್ದು ನಿಂತೊಡನೆ ಸಾರಥಿಯು ಆ ಪಾತ್ರವನ್ನು ತಾವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸಬೇಕು. ರಾಜ ಪ್ರಾಸಬದ್ಧವಾದ ಗ್ರಾಂಥಿಕ ಭಾಷೆಯಲ್ಲಿ ತನ್ನ ಬಿರುದುಗಳನ್ನು ಹೇಳಿಕೊಳ್ಳುತ್ತಾನೆ. ಮಾದರಿಗಾಗಿ ಹೇಳುವುದಾದರೆ, ‘ಎಲೈ ಸಾರಥಿಯೇ, ಮೂರು ಲೋಕದಲ್ಲಿ ನಮ್ಮನ್ನರಿಯದವರು ಉಂಟೇನೈ?’ ಎಂದು ರಾಜ ಗುಡುಗಿದರೆ, ಸಾರಥಿಯು ‘ಮೂರು ಲೋಕದ್ದು ಗೊತ್ತಿಲ್ರೀ, ನಮ್ಮೂರಾಗಂತೂ ನಿಮ್ಮ ಹೆಸರಿಲೆ ರೇಷನ್ ಕಾರ್ಡ್ ಇಲ್ಲ’ ಎಂದುಬಿಡುತ್ತಾನೆ.

ಈ ನಗೆ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಇಲ್ಲಿ ಅರ್ಧ ಕೆಲಸ ಸಾರಥಿಯದು, ಉಳಿದರ್ಧ ರಾಜನದು. ಸಾರಥಿಯ ಮಾತಿಗೆ ರಾಜನ ಪಾರ್ಟಿನವನು ತುಟಿ ಅರಳಿಸಿದರೂ ಸಾಕು, ಹಾಸ್ಯ ಅಲ್ಲೇ ಸಾಯುತ್ತದೆ. ಅವನು ಹುಬ್ಬು ಗಂಟಿಕ್ಕಿ, ಮೀಸೆ ತಿರುವಿ, ಮತ್ತೊಂದು ಬಿರುದು ಹೇಳಲು ಎದೆ ಸೆಟೆದಷ್ಟೂ ಅಟ್ಟದ ಕೆಳಗೆ ಕುಳಿತ ಜನ ಹೆಚ್ಚು ನಗುತ್ತಾರೆ. ಗಾಂಭೀರ್ಯದ ಆಸರೆಯಿಲ್ಲದೆ ಹಾಸ್ಯಗಾರನಿಗೆ ಕಾಲೂರಲು ನೆಲವಿಲ್ಲ. ಮುಂದಿನ ಬಹುಪಾಲು ಉತ್ತರಗಳಲ್ಲಿ ಈ ಮಾತೇ ಬೇರೆ ಬೇರೆ ರೂಪದಲ್ಲಿ ಬರುತ್ತದೆ.

ತೊಗಲುಗೊಂಬೆ ಆಟದಾಗ ರಾಮಾಯಣದ ನಡುವ ಕಿಳ್ಳೇಕ್ಯಾತ, ಬಂಗಾರಕ್ಕ ಯಾಕ ಬರ್ತಾರ? ಅವ್ರು ರಾಮಾಯಣದಾಗ ಇಲ್ಲಲ್ಲ?

ರಾಮಾಯಣದಲ್ಲಿ ಅವರಿಲ್ಲ, ಊರಿನಲ್ಲಿ ಇದ್ದಾರೆ. ಕಪ್ಪು ಮೈಯ, ಡೊಳ್ಳು ಹೊಟ್ಟೆಯ ಕಿಳ್ಳೇಕ್ಯಾತ ಮತ್ತು ಅವನ ಜೊತೆಗಾತಿ ಬಂಗಾರಕ್ಕ ಪರದೆಯ ಮೇಲೆ ಜಗಳವಾಡುತ್ತ, ಕುಣಿಯುತ್ತ, ಬೈದಾಡುತ್ತ ಬಂದು, ನಿದ್ದೆಗೆ ಜಾರುತ್ತಿರುವವರನ್ನು ಎಬ್ಬಿಸಿ, ಮುಂದಿನ ಕಥೆಗೆ ಅಣಿಗೊಳಿಸುತ್ತಾರೆ. ಈ ಕಲೆ ನಮ್ಮ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ತೊಗಲುಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿ ತೋರಿಸಿದರು.

## ಕಂಪನಿ ನಾಟಕದ ಕಾಲ

ತಾಯಿ ಸತ್ತ ಸೀನ್ ಮುಗಿದ ಕೂಡ್ಲೇ ಕಾಮಿಕ್ ಜೋಡಿ ಬಂದು ಹಾಡಿ ಕುಣೀತಾರ. ಇದು ಅಸಹ್ಯ ಅನ್ಸಲ್ಲೇನು?

ಕೆಲವೊಮ್ಮೆ ಅಸಹ್ಯವೇ ಆಗಿರುತ್ತದೆ. ಆದರೆ ಈ ಪದ್ಧತಿ ಹುಟ್ಟಿದ್ದಕ್ಕೆ ಒಂದು ಶುದ್ಧ ವ್ಯಾವಹಾರಿಕ ಕಾರಣವಿದೆ. ದರ್ಬಾರು, ಕಾಡು, ಸ್ಮಶಾನಗಳ ಸೀನರಿಗಳನ್ನು ರಂಗದ ಹಿಂಭಾಗದಲ್ಲಿ ಬದಲಾಯಿಸಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಮುಂದುಗಡೆ ರಸ್ತೆಯ ಪರದೆಯೊಂದನ್ನು ಇಳಿಬಿಟ್ಟು, ಅದರ ಎದುರಿನ ನಾಲ್ಕಡಿ ಜಾಗದಲ್ಲಿ ಹಾಸ್ಯದ ಜೋಡಿಯನ್ನು ನಿಲ್ಲಿಸಿದರೆ ಜನ ಗದ್ದಲ ಮಾಡುವುದಿಲ್ಲ, ಹಿಂದೆ ಮೊಳೆ ಹೊಡೆಯುವ ಸದ್ದೂ ಕೇಳುವುದಿಲ್ಲ. ಪಾರ್ಸಿ ಕಂಪನಿಗಳಿಂದ ಬಂದ ಈ ಏರ್ಪಾಡನ್ನು ಕರ್ನಾಟಕದ ಕಂಪನಿಗಳು ತಮ್ಮದನ್ನಾಗಿ ಮಾಡಿಕೊಂಡವು.

ಇಂಗ್ಲೆಂಡಿನಲ್ಲಿಯೂ ಇಂಥದ್ದೇ ಒಂದು ಉದಾಹರಣೆ ಇದೆ. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿ ದೊರೆಯ ಕೊಲೆಯಾದ ಬೆನ್ನಿಗೇ ಬಾಗಿಲು ಬಡಿಯುವ ಸದ್ದು ಕೇಳುತ್ತದೆ; ಕುಡಿದ ದ್ವಾರಪಾಲಕನೊಬ್ಬ ತಾನು ನರಕದ ಬಾಗಿಲು ಕಾಯುವವನೆಂದು ಬಡಬಡಿಸುತ್ತ, ತಡವರಿಸುತ್ತ ಬರುತ್ತಾನೆ. ಮ್ಯಾಕ್‌ಬೆತ್ ಪಾತ್ರಧಾರಿಗೆ ಕೈಯ ರಕ್ತ ತೊಳೆದು ಬಟ್ಟೆ ಬದಲಿಸಲು ಆಗ ಬಿಡುವು ಸಿಗುತ್ತದೆ. ಆದರೆ ಆ ದ್ವಾರಪಾಲಕನ ಮಾತು ಕೇಳಿದ ಪ್ರೇಕ್ಷಕನಿಗೆ ಈ ಮನೆ ನಿಜವಾಗಿಯೂ ನರಕವಾಗಿದೆ ಎಂಬುದು ಹೊಳೆದು, ನಗುತ್ತಿರುವಾಗಲೇ ಮೈ ಜುಂ ಎನ್ನುತ್ತದೆ. ಬಿಡುವು ತುಂಬಲು ಬಂದ ದೃಶ್ಯವು ನಾಟಕದ ಅರ್ಥವನ್ನೇ ಬೆಳೆಸಿದ್ದು ಹೀಗೆ.

ಗಿರೀಶ ಕಾರ್ನಾಡರು ‘ತುಘಲಕ್’ (1964) ಬರೆಯುವಾಗ ಇದೇ ಪರದೆ ಮುಂದಿನ ಹಾಸ್ಯದ ಸಂಪ್ರದಾಯ ಮನಸ್ಸಿನಲ್ಲಿತ್ತು ಎಂದು ತಾವೇ ಹೇಳಿಕೊಂಡಿದ್ದಾರೆ. ಅಜೀಜ್ ಮತ್ತು ಆಜಮ್ ಆ ಜಾಗಕ್ಕೆಂದು ಹುಟ್ಟಿದ ಕಾಮಿಕ್ ಜೋಡಿ. ಆದರೆ ಅಗಸನಾದ ಅಜೀಜ್ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಕಾನೂನಿನಿಂದಲೇ ಲಾಭ ಹೊಡೆಯುತ್ತ ಹೋಗಿ, ಕೊನೆಗೆ ಸುಲ್ತಾನನ ಎದುರೇ ನಿಂತು ತಾನೇ ನಿನ್ನ ನಿಜವಾದ ಶಿಷ್ಯ ಎಂಬ ಧಾಟಿಯಲ್ಲಿ ವಾದಿಸುವಷ್ಟು ಬೆಳೆಯುತ್ತಾನೆ. ರಸ್ತೆ ಪರದೆಯ ಮುಂದಿದ್ದವನು ದರ್ಬಾರಿನ ಒಳಕ್ಕೆ ನುಗ್ಗಿದ. ಕನ್ನಡ ರಂಗಭೂಮಿಯಲ್ಲಿ ಕಾಮಿಕ್ ಪಾತ್ರಕ್ಕೆ ಸಿಕ್ಕ ಬಹುದೊಡ್ಡ ಬಡ್ತಿ ಇದು ಎಂಬುದು ನನ್ನ ಎಣಿಕೆ.

ಗುಬ್ಬಿ ವೀರಣ್ಣ ಕಂಪನಿ ಮಾಲೀಕರು. ರಾಜನ ಪಾರ್ಟ್ ಬಿಟ್ಟು ಕಳ್ಳನ ಪಾರ್ಟ್ ಯಾಕ ಹಾಕ್ತಿದ್ರು?

ಜನ ಯಾವ ಪಾರ್ಟಿಗಾಗಿ ಟಿಕೆಟ್ ಕೊಳ್ಳುತ್ತಾರೆ ಎಂಬುದು ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣನವರ (1891–1972) ಕಳ್ಳನ ಪಾತ್ರ ಮನೆಮಾತಾಗಿತ್ತು. ಕಥೆಯ ನಾಯಕ ಅವನಲ್ಲದಿದ್ದರೂ ಜನ ಕಾದು ಕೂರುತ್ತಿದ್ದದ್ದು ಅವನಿಗಾಗಿಯೇ. ಇಂಥ ಕಳ್ಳನಿಗೆ ನಮ್ಮ ರಂಗಭೂಮಿಯಲ್ಲಿ ಬಹಳ ಹಳೆಯ ಅಣ್ಣನೊಬ್ಬನಿದ್ದಾನೆ. ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕಲು ಬಂದು, ಗೋಡೆಯಲ್ಲಿ ಯಾವ ಆಕಾರದ ಕನ್ನ ಚೆಂದ ಕಾಣುತ್ತದೆ, ಬೆಳಿಗ್ಗೆ ನೋಡಿದವರು ಯಾವುದನ್ನು ಮೆಚ್ಚಿಯಾರು ಎಂದು ಕಲಾವಿದನಂತೆ ಚಿಂತಿಸುತ್ತಾನೆ. ಅಳತೆಯ ದಾರ ಮರೆತು ಬಂದಿರುವುದು ನೆನಪಾದಾಗ ತನ್ನ ಜನಿವಾರವನ್ನೇ ತೆಗೆದು ಗೋಡೆ ಅಳೆಯುತ್ತಾನೆ. ಕೆಟ್ಟ ಕೆಲಸವನ್ನು ಶಾಸ್ತ್ರೋಕ್ತವಾಗಿ, ಶ್ರದ್ಧೆಯಿಂದ ಮಾಡುವವನನ್ನು ಕಂಡಾಗ ಹುಟ್ಟುವ ನಗೆ ಇದು. ಫೈಲು ಹುಡುಕಲು ಇಷ್ಟು, ಮುದ್ರೆ ಒತ್ತಲು ಇಷ್ಟು ಎಂದು ಲಂಚಕ್ಕೂ ದರಪಟ್ಟಿ ಇಟ್ಟುಕೊಂಡ ಗುಮಾಸ್ತನನ್ನು ಇಂದಿನ ಪ್ರಹಸನಗಳಲ್ಲಿ ನೋಡಿ ನಗುವುದೂ ಇದೇ ಕಾರಣಕ್ಕೆ.

ಬಳ್ಳಾರಿ ಅಂದ್ರ ರಾಘವರು, ಗಂಭೀರ ನಟರು. ಹಾಸ್ಯಕ್ಕೂ ಬಳ್ಳಾರಿಗೂ ಏನಾದ್ರೂ ಸಂಬಂಧ ಐತೇನು?

ಇದೆ, ಮತ್ತು ಅದು ಊರಿನ ಎರಡು ಭಾಷೆಗಳ ನಡುವೆ ಇದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಬಳ್ಳಾರಿಯಲ್ಲಿ ಇಬ್ಬರು ವಕೀಲರು ಪೈಪೋಟಿಗೆ ಬಿದ್ದವರಂತೆ ನಾಟಕ ಸಭೆಗಳನ್ನು ನಡೆಸುತ್ತಿದ್ದರು: ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ ಮತ್ತು ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭೆ. ಇಬ್ಬರೂ ಬರೆದದ್ದು ಹೆಚ್ಚಾಗಿ ತೆಲುಗಿನಲ್ಲಿ, ನೋಡಿದವರು ಮಾತ್ರ ಎರಡೂ ಭಾಷೆ ಬಲ್ಲವರು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವರು (1880–1946) ಈ ವಾತಾವರಣದಲ್ಲೇ ಬೆಳೆದರು. ಹೆಣ್ಣು ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕೆಂದು ಅವರು ಹಟ ಹಿಡಿದದ್ದು ಹಾಸ್ಯದ ಇತಿಹಾಸದಲ್ಲೂ ಮುಖ್ಯ. ಗಂಡಸು ಸೀರೆಯುಟ್ಟದ್ದೇ ನಗೆಗೆ ಸಾಕು ಎಂಬ ಸೋಮಾರಿತನಕ್ಕೆ ಅದರಿಂದ ಪೆಟ್ಟು ಬಿತ್ತು. ಟಿ.ವಿ. ಕಾಮಿಡಿ ಷೋಗಳಲ್ಲಿ ಆ ಸೋಮಾರಿತನ ಮತ್ತೆ ಎದ್ದು ಕೂತಿರುವುದು ಬೇರೆ ಮಾತು.

ರಂಗದಿಂದ ಆಚೆ ನೋಡಿದರೆ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು (1913–1980), ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ತಿಂಮ ಎಂಬ ಪಾತ್ರವನ್ನು ಕಟ್ಟಿದರು. ದಡ್ಡನಂತೆ ಪ್ರಶ್ನೆ ಕೇಳಿ ಬುದ್ಧಿವಂತರನ್ನು ಬಾಯಿ ಮುಚ್ಚಿಸುವ ತಿಂಮನನ್ನು ನೋಡಿದಾಗ ಸಾರಥಿಯು ಅಟ್ಟದಿಂದ ಇಳಿದು ಪುಸ್ತಕದೊಳಗೆ ಸೇರಿಕೊಂಡನೋ ಎನಿಸುತ್ತದೆ.

ಬರೆದದ್ದು ಬಿಟ್ಟು ಸ್ಟೇಜ್ ಮ್ಯಾಲೆ ಮನಸ್ಸಿಗೆ ಬಂದಂಗ ಮಾತಾಡೋದು ತಪ್ಪಲ್ಲೇನು? ನಮ್ಮ ನಾಟಕ ಮಾಸ್ತರು ಬೈತಾರ.

ನಿಮ್ಮ ಮಾಸ್ತರರ ಪಕ್ಷದಲ್ಲಿ ದೊಡ್ಡ ಸಾಕ್ಷಿಯೇ ಇದೆ. ಹ್ಯಾಮ್ಲೆಟ್ ತನ್ನ ಅರಮನೆಗೆ ಬಂದ ನಟರಿಗೆ ಬುದ್ಧಿ ಹೇಳುವಾಗ, ಹಾಸ್ಯಗಾರರು ತಮಗೆ ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಮಾತನಾಡಕೂಡದು ಎಂದು ಖಡಾಖಂಡಿತವಾಗಿ ಹೇಳುತ್ತಾನೆ. ಎದುರು ಪಕ್ಷದ ಸಾಕ್ಷಿಗಳೂ ಕಡಿಮೆಯಿಲ್ಲ. 16ನೇ ಶತಮಾನದಿಂದ ಇಟಲಿಯಲ್ಲಿ ಬೆಳೆದ ಮುಖವಾಡದ ಹಾಸ್ಯ ನಾಟಕಗಳಲ್ಲಿ ಕಥೆಯ ಹಂದರ ಮಾತ್ರ ಬರೆದಿಟ್ಟು, ಮಾತೆಲ್ಲವನ್ನೂ ನಟರು ರಂಗದ ಮೇಲೆಯೇ ಹೊಸೆಯುತ್ತಿದ್ದರು. ನಮ್ಮಲ್ಲಿ ಮಾಸ್ಟರ್ ಹಿರಣ್ಣಯ್ಯನವರು (1934–2019) ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದರೂ, ಆಯಾ ದಿನದ ರಾಜಕೀಯ ಸುದ್ದಿಯನ್ನು ಎಳೆದು ತಂದು ಅದನ್ನು ಸದಾ ಹೊಸದಾಗಿ ಇಟ್ಟುಕೊಂಡರು. ಅಧಿಕಾರದಲ್ಲಿದ್ದವರನ್ನು ಹೆಸರು ಹಿಡಿದು ಕುಟುಕುವ ಈ ಧೈರ್ಯಕ್ಕೂ ಪೂರ್ವಜರಿದ್ದಾರೆ. ಗ್ರೀಕ್ ನಾಟಕಕಾರ ಅರಿಸ್ಟೊಫನೀಸ್ ಕ್ರಿ.ಪೂ. 424ರಲ್ಲಿ ಅಥೆನ್ಸಿನ ಪ್ರಬಲ ನಾಯಕ ಕ್ಲಿಯಾನನನ್ನು ಮನೆಹಾಳ ಆಳಾಗಿ ಚಿತ್ರಿಸಿ ನಾಟಕ ಆಡಿಸಿದ್ದ.

ಹಿರಣ್ಣಯ್ಯನವರಂಥವರು ಎಷ್ಟೇ ದೂರ ಹೋದರೂ ಮುಂದಿನ ಪಾತ್ರಧಾರಿಗೆ ಬೇಕಾದ ಸೂಚನೆಯ ಮಾತಿಗೆ ಸರಿಯಾಗಿ ಬಂದು ಸೇರುತ್ತಿದ್ದರು. ನಿಮ್ಮಿಂದ ಅಷ್ಟು ಸಾಧ್ಯವಾಗುವವರೆಗೆ ಮಾಸ್ತರರ ಮಾತು ಕೇಳುವುದು ಕ್ಷೇಮ.

## ಇವತ್ತಿನ ಕಾಮಿಡಿ

ಸಿನಿಮಾ ಕಾಮಿಡಿ ನಿಜವಾಗ್ಲೂ ನಾಟಕದಿಂದ ಬಂದದ್ದಾ? ಪುರಾವೆ ಏನು?

ಮೊದಲ ಪುರಾವೆ ನಟರು. ‘ಬೇಡರ ಕಣ್ಣಪ್ಪ’ (1954) ಚಿತ್ರದಿಂದ ತೆರೆಗೆ ಬಂದ ನರಸಿಂಹರಾಜು ನಾಟಕ ಕಂಪನಿಗಳಲ್ಲಿ ಪಳಗಿದವರು, ಬಾಲಕೃಷ್ಣ ಅವರೂ ಅಲ್ಲಿಂದಲೇ ಬಂದವರು. ನರಸಿಂಹರಾಜು ಅವರ ಮಾತಿಗಿಂತ ಮೊದಲು ಮೈ ನಗಿಸುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಕಾಣುವಂತೆ ಕತ್ತು, ಕೈ, ಕಣ್ಣು ಆಡಿಸಿ ರೂಢಿಯಾದವರ ಮೈ ಅದು.

ಎರಡನೆಯ ಪುರಾವೆ ಕಥೆಗಳು. ರೋಮಿನ ಪ್ಲಾಟಸ್ ಕ್ರಿ.ಪೂ. 200ರ ಆಸುಪಾಸಿನಲ್ಲಿ ಅವಳಿ ಸಹೋದರರ ಗೊಂದಲವನ್ನು ನಾಟಕ ಮಾಡಿದ. ಶೇಕ್ಸ್‌ಪಿಯರ್ ‘ಕಾಮಿಡಿ ಆಫ್ ಎರರ್ಸ್’ನಲ್ಲಿ ಒಡೆಯರ ಜೊತೆಗೆ ಆಳುಗಳನ್ನೂ ಅವಳಿಗಳನ್ನಾಗಿಸಿ ಗೊಂದಲವನ್ನು ದುಪ್ಪಟ್ಟು ಮಾಡಿದ. ಅದೇ ಎಳೆ ಹಿಂದಿಯಲ್ಲಿ ‘ಅಂಗೂರ್’ (1982) ಆಗಿ, ಕನ್ನಡದಲ್ಲಿ ‘ಉಲ್ಟಾ ಪಲ್ಟಾ’ (1997) ಆಗಿ ನಮ್ಮ ಚಿತ್ರಮಂದಿರಗಳಿಗೆ ಬಂತು. ‘ನಂಜುಂಡಿ ಕಲ್ಯಾಣ’ (1989) ಹಿಂದೆ ಪರ್ವತವಾಣಿಯವರ ನಾಟಕವಿದೆ, ಆ ನಾಟಕದ ಹಿಂದೆ ಶೇಕ್ಸ್‌ಪಿಯರನ ಗಯ್ಯಾಳಿ ಹೆಣ್ಣಿನ ಕಥೆಯಿದೆ. ಸಂನ್ಯಾಸಿಯ ಜೀವ ವೇಶ್ಯೆಯ ದೇಹಕ್ಕೂ ಅವಳ ಜೀವ ಸಂನ್ಯಾಸಿಯ ದೇಹಕ್ಕೂ ಸೇರಿಕೊಂಡು ಅವಾಂತರವಾಗುವ ಸಂಸ್ಕೃತದ ‘ಭಗವದಜ್ಜುಕ’ ಓದಿದವರಿಗೆ ದೇಹ ಅದಲುಬದಲಾಗುವ ಇಂದಿನ ಯಾವ ಸಿನಿಮಾವೂ ತೀರಾ ಹೊಸದೆನಿಸುವುದಿಲ್ಲ.

ಆದರೆ ಒಂದು ನಷ್ಟವೂ ಆಯಿತು. ಹಾಸ್ಯವನ್ನು ಕಥೆಯಿಂದ ಕಿತ್ತು ಪ್ರತ್ಯೇಕ ಟ್ರ್ಯಾಕ್ ಮಾಡಿದಾಗ ಹಾಸ್ಯನಟನ ಪಕ್ಕ ನಿಲ್ಲಲು ರಾಜನಿಲ್ಲದಂತಾಯಿತು. ಆಗ ಅವನು ಮತ್ತೊಬ್ಬ ಹಾಸ್ಯನಟನ ಕಪಾಳಕ್ಕೆ ಹೊಡೆಯಬೇಕಾಗಿ ಬಂತು.

ಸ್ಟ್ಯಾಂಡಪ್ ಕಾಮಿಡಿ ಬೆಂಗಳೂರಿನ ಇಂಗ್ಲಿಷ್ ಹುಡುಗರ ಆಟ. ಅದಕ್ಕೂ ನಮ್ಮ ರಂಗಭೂಮಿಗೂ ಎಲ್ಲಿಯ ನಂಟು?

ಮೈಕಿನ ಮುಂದೆ ಒಬ್ಬನೇ ನಿಂತು ಒಂದೂವರೆ ತಾಸು ನಗಿಸುವುದನ್ನು ನಮ್ಮ ಕಡೆಯವರು ಬೆಂಗಳೂರಿನಿಂದ ಕಲಿಯಬೇಕಾಗಿರಲಿಲ್ಲ. ‘ಅಭಿನವ ಬೀಚಿ’ ಎಂದೇ ಹೆಸರಾದ ಗಂಗಾವತಿ ಪ್ರಾಣೇಶ ಅವರು ಬೀಚಿಯ ನಗೆಯನ್ನು ಬೆನ್ನಿಗಿಟ್ಟುಕೊಂಡು, ಈ ಸೀಮೆಯ ಮಾತಿನಲ್ಲೇ ನಾಡನ್ನೆಲ್ಲ ಸುತ್ತಿ ನಗಿಸಿದರು. ಅದಕ್ಕೂ ಹಿಂದೆ ಹರಿಕಥೆಯ ದಾಸರು ಉಪಕಥೆಗಳಲ್ಲಿ ಅತ್ತೆ, ಸೊಸೆ, ಶ್ಯಾನುಭೋಗ ಹೀಗೆ ಎಲ್ಲರ ದನಿಯನ್ನೂ ತಾವೇ ತೆಗೆಯುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದಲ್ಲಿ ಭಾಣ ಎಂಬ ರೂಪಕವಿದೆ. ಅದರಲ್ಲಿ ಇರುವುದು ಒಬ್ಬನೇ ನಟ. ವಿಟನೊಬ್ಬ ನಗರದ ಬೀದಿಯಲ್ಲಿ ನಡೆಯುತ್ತ, ಕಣ್ಣಿಗೆ ಕಾಣದ ಜನರನ್ನು ಮಾತನಾಡಿಸಿ, ‘ಏನೆನ್ನುವೆ?’ ಎಂದು ಕೇಳಿ, ಅವರ ಉತ್ತರವನ್ನು ತಾನೇ ಹೇಳಿ, ಅದಕ್ಕೆ ಚುಚ್ಚುಮಾತಿನ ಜವಾಬು ಕೊಡುತ್ತ ಸಾಗುತ್ತಾನೆ. ವೈಯಾಕರಣಿಗಳು, ಸೋಗಿನ ಸಂನ್ಯಾಸಿಗಳು, ಹಣವಂತರ ಮಕ್ಕಳು ಯಾರೂ ಅವನ ಬಾಯಿಂದ ತಪ್ಪಿಸಿಕೊಳ್ಳುವುದಿಲ್ಲ. ಇಂದಿನ ಸ್ಟ್ಯಾಂಡಪ್ ಕಲಾವಿದನು ಅಪ್ಪನ ಫೋನು ಬಂತೆಂದು ಕಿವಿಗೆ ಕೈ ಹಚ್ಚಿ, ಅಪ್ಪ ಆಡಿದ ಮಾತನ್ನು ತಾನೇ ಮರುನುಡಿದು ಪೇಚಾಡುವಾಗ ಮಾಡುವುದು ಇದನ್ನೇ. ಪಕ್ಕದಲ್ಲಿ ರಾಜನಿಲ್ಲದ್ದರಿಂದ ಅವನು ರಾಜನನ್ನೂ ಸಾರಥಿಯನ್ನೂ ಒಂದೇ ಮೈಯಲ್ಲಿ ಹೊತ್ತುಕೊಳ್ಳುತ್ತಾನೆ. ಅಪ್ಪನ ದನಿ ತೆಗೆದಾಗ ಅವನು ಗಂಭೀರನಾಗಿದ್ದರೆ ನಗೆ ಏಳುತ್ತದೆ. ಅಲ್ಲೂ ತಾನೇ ನಕ್ಕುಬಿಡುವವರು ಬಹಳ ದಿನ ನಿಲ್ಲುವುದಿಲ್ಲ.

ನಾವು ಮಾತಾಡೋ ಭಾಷೆ ಕೇಳಿದ್ರನೇ ಸಿನಿಮಾದಾಗ, ಟಿ.ವಿ.ಯಾಗ ಯಾಕ ನಗ್ತಾರ?

ಈ ಪ್ರಶ್ನೆಯಲ್ಲಿ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದು. ಹಳೆಯ ನಾಟಕಗಳಲ್ಲೂ ಭಾಷೆ ಪಾತ್ರದ ಅಂತಸ್ತಿಗೆ ತಕ್ಕಂತೆ ಬದಲಾಗುತ್ತಿತ್ತು ಎಂದು ಇದನ್ನು ಕೆಲವರು ಸಮರ್ಥಿಸುತ್ತಾರೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ವಿದೂಷಕ ಪ್ರಾಕೃತ ಮಾತನಾಡುತ್ತಾನೆ ನಿಜ, ಆದರೆ ಶಕುಂತಲೆಯೂ ಪ್ರಾಕೃತವನ್ನೇ ಮಾತನಾಡುತ್ತಾಳೆ. ದುಷ್ಯಂತ ತನ್ನನ್ನು ಗುರುತಿಸದಿದ್ದಾಗ ತುಂಬಿದ ಸಭೆಯಲ್ಲಿ ಅವಳು ಅವನನ್ನು ಅನಾರ್ಯ ಎಂದು ಜರೆಯುವುದು ಆ ಭಾಷೆಯಲ್ಲೇ, ಅದನ್ನು ಕೇಳಿ ಯಾರಿಗೂ ನಗು ಬರುವುದಿಲ್ಲ. ಭಾಷೆಯನ್ನು ಬಳಸಿ ನಗಿಸುವುದು ಒಂದು, ಭಾಷೆಯನ್ನೇ ನಗೆಪಾಟಲು ಮಾಡುವುದು ಇನ್ನೊಂದು. ನಾಯಕ, ನಾಯಕಿ, ವೈದ್ಯ, ನ್ಯಾಯಾಧೀಶ ಎಲ್ಲರೂ ಒಂದೇ ಪ್ರಾಂತದ ಕನ್ನಡ ಮಾತನಾಡಿ, ವಾಚ್‌ಮನ್ ಒಬ್ಬನೇ ‘ಹೌದ್ರೀ ಯಪ್ಪಾ’ ಎನ್ನುವ ಚಿತ್ರದಲ್ಲಿ ನಡೆಯುವುದು ಎರಡನೆಯದು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ಉತ್ತರ ಕರ್ನಾಟಕದ ಆಡುಮಾತಿನಲ್ಲೇ ನಗೆ, ಕಾಮ, ಭೂಮಿಯ ಹಕ್ಕು, ಕೊಲೆ ಎಲ್ಲವನ್ನೂ ಹೇಳಿ, ಈ ಮಾತಿಗೆ ಎಲ್ಲ ರಸವೂ ಒಗ್ಗುತ್ತದೆ ಎಂದು ತೋರಿಸಿಕೊಟ್ಟಿತು.

ಡಬಲ್ ಮೀನಿಂಗ್ ಇಲ್ಲದ ಕಾಮಿಕ್ ಸೀನ್ ಯಾರೂ ನೋಡೋದಿಲ್ಲ ಅಂತಾರ. ಖರೇನಾ?

ಖರೆಯಲ್ಲ. ಪೋಲಿ ಮಾತು ರಂಗಕ್ಕೆ ಹೊಸದೂ ಅಲ್ಲ. ಕಿಳ್ಳೇಕ್ಯಾತ, ಪ್ರಹಸನ, ಅರಿಸ್ಟೊಫನೀಸ್ ಎಲ್ಲರಲ್ಲೂ ಅದು ಧಾರಾಳವಾಗಿದೆ. ಆದರೆ ಅಲ್ಲೆಲ್ಲ ಗೇಲಿಗೆ ಗುರಿಯಾಗುವವನು ಆಸೆಬುರುಕ ಗಂಡಸು. ಇಂದಿನ ಹಲವು ಹಳ್ಳಿ ನಾಟಕಗಳಲ್ಲಿ ಗುರಿಯಾಗುವವಳು ಎದುರು ನಿಂತ ನಟಿ. ಮರಿಯಮ್ಮನಹಳ್ಳಿಯಂಥ ಊರುಗಳಿಂದ ರಾತ್ರಿ ಬಸ್ಸು ಹಿಡಿದು ಬಂದು, ಪರಊರಿನ ಹವ್ಯಾಸಿಗಳ ಜೊತೆ ಪಾರ್ಟು ಮಾಡಿ ಬೆಳಗಿನ ಬಸ್ಸಿಗೆ ಹಿಂದಿರುಗುವ ಕಲಾವಿದೆಯರು, ಪುಸ್ತಕದಲ್ಲಿ ಇಲ್ಲದ ಮಾತನ್ನು ರಂಗದ ಮೇಲೆ ಕೇಳಿ ನಗುಮುಖ ಹೊತ್ತು ನಿಲ್ಲಬೇಕಾಗುತ್ತದೆ. ಅದನ್ನು ಹಾಸ್ಯ ಎನ್ನಲು ನನಗೆ ಮನಸ್ಸಿಲ್ಲ.

## ಇನ್ನೂ ಒಳಗೆ ಇಳಿದರೆ

ಖಳನಾಯಕ ಪ್ರೀತಿ ಮಾತಾಡಿದ್ರ ಭಯ ಆಗಬೇಕು, ನಗು ಯಾಕ ಬರ್ತದ?

ರಾಯಚೂರಿನ ವಿದ್ಯಾರ್ಥಿಯೊಬ್ಬರ ಈ ಪ್ರಶ್ನೆಗೆ ಕಾಶ್ಮೀರದ ಅಭಿನವಗುಪ್ತ ಸುಮಾರು ಸಾವಿರ ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಅವನ ಪ್ರಕಾರ ಹಾಸ್ಯದ ಬೇರು ಅನೌಚಿತ್ಯ. ಯಾವ ಭಾವವಾದರೂ ಸಲ್ಲದ ಕಡೆ, ಸಲ್ಲದ ರೀತಿಯಲ್ಲಿ ತಲೆಯೆತ್ತಿದರೆ ಅದು ಆ ರಸದ ಆಭಾಸವಾಗಿ ಹಾಸ್ಯಕ್ಕೆ ತಿರುಗುತ್ತದೆ. ಸೀತೆಗಾಗಿ ರಾವಣ ಪಡುವ ವಿರಹ ಅವನು ಕೊಡುವ ಉದಾಹರಣೆ. ಆ ಮಾತುಗಳನ್ನು ಬಿಡಿಯಾಗಿ ಕೇಳಿದರೆ ಅಪ್ಪಟ ಶೃಂಗಾರ, ಯಾರು ಯಾರಿಗಾಗಿ ಆಡುತ್ತಿದ್ದಾರೆ ಎಂದು ತಿಳಿದಾಗ ನಗೆ.

ಇದರ ಪರಮಾವಧಿ ‘ಮೃಚ್ಛಕಟಿಕ’ದ ಶಕಾರ. ರಾಜನ ಭಾವಮೈದುನನೆಂಬ ಸೊಕ್ಕಿನ ಈ ಮನುಷ್ಯ ಕತ್ತಲಲ್ಲಿ ನಾಯಕಿ ವಸಂತಸೇನೆಯನ್ನು ಅಟ್ಟಿಸಿಕೊಂಡು ಹೋಗುತ್ತ, ರಾವಣನ ಕೈಗೆ ಸಿಕ್ಕ ಕುಂತಿಯಂತೆ ನೀನು ನನ್ನ ವಶವಾದೆ ಎನ್ನುತ್ತಾನೆ. ಹೂಮಾಲೆಯ ವಾಸನೆ ತನಗೆ ಕೇಳಿಸುತ್ತಿದೆ, ಆದರೆ ಮೂಗಿನಲ್ಲಿ ಕತ್ತಲು ತುಂಬಿರುವುದರಿಂದ ಒಡವೆಯ ಸದ್ದು ಸರಿಯಾಗಿ ಕಾಣುತ್ತಿಲ್ಲ ಎಂದು ಗೋಳಾಡುತ್ತಾನೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಅದೇ ಶಕಾರ ಎಂಟನೆಯ ಅಂಕದಲ್ಲಿ ಅವಳ ಕತ್ತು ಹಿಸುಕಿ, ಒಂಬತ್ತನೆಯ ಅಂಕದಲ್ಲಿ ಕೊಲೆಯ ಆರೋಪವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಅಜ್ಞಾನಿ ಎಂದು ನಾವು ನಕ್ಕು ಹಗುರ ಮಾಡಿಕೊಂಡವನ ಕೈಯಲ್ಲಿ ಅಧಿಕಾರವಿತ್ತು ಎಂಬುದು ಆಗ ಅರಿವಿಗೆ ಬರುತ್ತದೆ. ಹಾಸ್ಯದ ವಸ್ತು ನೋವನ್ನೂ ನಾಶವನ್ನೂ ತಾರದ ಕುಂದಾಗಿರಬೇಕೆಂದು ಗ್ರೀಸಿನ ಅರಿಸ್ಟಾಟಲ್ ಹೇಳಿದ್ದ. ಶೂದ್ರಕನು ಆ ಗಡಿಯವರೆಗೆ ನಮ್ಮನ್ನು ನಗಿಸುತ್ತ ಕರೆದೊಯ್ದು, ಗಡಿ ದಾಟಿಸಿ ಬಿಡುತ್ತಾನೆ. ಪೆದ್ದು ಮಾತನಾಡುವ ಪುಢಾರಿಗಳ ತುಣುಕು ವಿಡಿಯೊ ನೋಡಿ ನಗುವಾಗ ನನಗೆ ಶಕಾರ ನೆನಪಾಗುತ್ತಾನೆ.

ಹಾಸ್ಯ ಪಾತ್ರ ತೆಗೆದು ಹಾಕಿದ್ರೂ ಕಥಿ ನಡೀತೈತಲ್ಲ? ಹಂಗಾದ್ರ ಅದು ಉಪ್ಪಿನಕಾಯಿ ಇದ್ದಂಗ ಅಲ್ಲೇನು?

ಸಾಧಾರಣ ನಾಟಕಗಳಲ್ಲಿ ನೀವು ಹೇಳುವುದು ಸರಿ. ದೊಡ್ಡ ನಾಟಕಗಳಲ್ಲಿ ಹಾಸ್ಯ ಪಾತ್ರವನ್ನು ತೆಗೆದರೆ ಕಥೆಯೇ ಕುಸಿಯುತ್ತದೆ. ‘ಶಾಕುಂತಲ’ದ ಎರಡನೆಯ ಅಂಕವನ್ನು ನೋಡಿ. ಬೇಟೆಯ ಹಿಂದೆ ಅಲೆದು ಮೈಕೈ ನೋವಾಗಿದೆ, ಹೊತ್ತಿಗೆ ಸರಿಯಾಗಿ ಊಟವಿಲ್ಲ, ಎಲೆ ಬಿದ್ದು ಕಹಿಯಾದ ನೀರು ಕುಡಿಯಬೇಕು, ನಸುಕಿನಲ್ಲೇ ಬೇಟೆಗಾರರು ಎಬ್ಬಿಸುತ್ತಾರೆ ಎಂದು ಮಾಧವ್ಯ ಗೊಣಗುವುದನ್ನು ಕೇಳಿ ನಾವು ನಗುತ್ತೇವೆ. ದುಷ್ಯಂತ ಅವನಿಗೆ ಶಕುಂತಲೆಯ ವಿಷಯವನ್ನೆಲ್ಲ ಹೇಳಿಕೊಳ್ಳುತ್ತಾನೆ. ಆದರೆ ಅವನನ್ನು ರಾಜಧಾನಿಗೆ ಕಳಿಸಬೇಕಾಗಿ ಬಂದಾಗ, ಈ ಬಾಯಿಬಡುಕ ಅಂತಃಪುರದಲ್ಲಿ ಎಲ್ಲಿ ಹೇಳಿಬಿಡುತ್ತಾನೋ ಎಂದು ಹೆದರಿ, ‘ಗೆಳೆಯಾ, ನಾನು ಹೇಳಿದ್ದೆಲ್ಲ ತಮಾಷೆ, ನಿಜವೆಂದು ತಿಳಿಯಬೇಡ’ ಎಂದುಬಿಡುತ್ತಾನೆ.

ಇಲ್ಲಿ ಕಾಳಿದಾಸನ ಜಾಣತನವಿದೆ. ದೂರ್ವಾಸನ ಶಾಪದಿಂದ ರಾಜನಿಗೆ ಮರೆವು ಕವಿದಾಗ, ಅರಮನೆಯಲ್ಲಿ ನಿಜ ಗೊತ್ತಿರುವ ಒಬ್ಬನೇ ಮನುಷ್ಯ ಈ ವಿದೂಷಕ. ಐದನೆಯ ಅಂಕದ ಆರಂಭದಲ್ಲೇ ಅವನನ್ನು ರಾಜನ ಇನ್ನೊಬ್ಬ ಮಡದಿ ಹಂಸಪದಿಕೆಯ ಬಳಿಗೆ ಕಳಿಸಿಬಿಟ್ಟು, ಶಕುಂತಲೆ ಸಭೆಗೆ ಬರುವಾಗ ಅವನು ಅಲ್ಲಿ ಇಲ್ಲದಂತೆ ನೋಡಿಕೊಳ್ಳಲಾಗಿದೆ. ಆರನೆಯ ಅಂಕದಲ್ಲಿ ನೆನಪು ಮರಳಿದ ರಾಜ, ನೀನಾದರೂ ನನಗೆ ಯಾಕೆ ನೆನಪಿಸಲಿಲ್ಲ ಎಂದು ಕೇಳುತ್ತಾನೆ. ಮರೆತಿರಲಿಲ್ಲ, ಅದೆಲ್ಲ ತಮಾಷೆ ಎಂದು ನೀನೇ ಹೇಳಿದ್ದೆಯಲ್ಲ, ಮಣ್ಣಿನ ಮುದ್ದೆಯಂಥ ಬುದ್ಧಿಯ ನಾನು ಅದನ್ನೇ ನಂಬಿದೆ ಎನ್ನುತ್ತಾನೆ ವಿದೂಷಕ. ಬದುಕಿಡೀ ತಮಾಷೆ ಮಾಡಿದವನು ಒಂದೇ ಒಂದು ಸಲ ಇನ್ನೊಬ್ಬರ ತಮಾಷೆಯನ್ನು ಗಂಭೀರವಾಗಿ ತೆಗೆದುಕೊಂಡ. ಹಾಸ್ಯಗಾರನ ಮಾತನ್ನು ರಾಜ ನಂಬದಿರುವುದು ವಾಡಿಕೆ, ಇಲ್ಲಿ ರಾಜನ ಸುಳ್ಳನ್ನು ಹಾಸ್ಯಗಾರ ನಂಬಿದ್ದರಿಂದ ಒಬ್ಬ ಹೆಣ್ಣಿಗೆ ಸಾಕ್ಷಿಯಿಲ್ಲದಂತಾಯಿತು.

ನಾನು ನಮ್ಮೂರ ಜಾತ್ರಿ ನಾಟಕದಾಗ ವರ್ಷಾ ಕಾಮಿಕ್ ಪಾರ್ಟ್ ಹಾಕ್ತೀನಿ. ಇದನ್ನೆಲ್ಲ ತಿಳ್ಕೊಂಡು ನನಗೇನು ಉಪಯೋಗ?

ತಾಲೀಮಿನಲ್ಲಿ ನಿಮ್ಮ ಮಾತು ಗಟ್ಟಿ ಮಾಡಿಕೊಂಡು ಹೊರಟುಹೋಗಬೇಡಿ. ನಿಮ್ಮ ಎದುರಿನ ಗೌಡನ ಪಾರ್ಟೋ ಸಾಹುಕಾರನ ಪಾರ್ಟೋ ಮಾಡುವವರನ್ನು ಕೂಡಿಸಿಕೊಂಡು, ನೀವು ನಗೆಮಾತು ಆಡಿದಾಗ ಅವರು ಎತ್ತ ನೋಡಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಗೊತ್ತು ಮಾಡಿಕೊಳ್ಳಿ. ಜನ ನಗುತ್ತಿರುವಾಗ ಮುಂದಿನ ಮಾತು ಶುರು ಮಾಡಿದರೆ ಎರಡೂ ಹೋಗುತ್ತವೆ, ಪೂರ್ತಿ ನಗು ನಿಲ್ಲುವವರೆಗೆ ಕಾದರೆ ಆಟ ತಣ್ಣಗಾಗುತ್ತದೆ. ನಗೆ ಇಳಿಮುಖವಾಗುವ ಹೊತ್ತಿಗೆ ಮಾತು ಎತ್ತಬೇಕು. ಪ್ರತಿ ಜೋಕಿಗೂ ತಬಲಾದವರು ಒಂದು ಪೆಟ್ಟು ಕೊಡುವ ರೂಢಿ ಇದ್ದರೆ ಅದನ್ನು ಒಂದೆರಡು ಕಡೆಗೆ ಮಾತ್ರ ಇರಲೆಂದು ಪೇಟಿ ಮಾಸ್ತರರಿಗೆ ಹೇಳಿ ನೋಡಿ. ಊರಿನ ಸುದ್ದಿಯನ್ನು ಸೇರಿಸುವುದಾದರೆ ಊರಿನ ದೊಡ್ಡವರ ಮೇಲೆ ಸೇರಿಸಿ, ಬಡವರ ಮೇಲೆ ಬೇಡ. ಸಾಧ್ಯವಾದರೆ ‘ಮೃಚ್ಛಕಟಿಕ’ದ ಕನ್ನಡ ಅನುವಾದವೊಂದನ್ನು ತಾಲೂಕಿನ ಗ್ರಂಥಾಲಯದಲ್ಲಿ ಕೇಳಿ ಪಡೆದು, ಮೂರನೆಯ ಅಂಕದ ಕನ್ನದ ದೃಶ್ಯವನ್ನು ಗೆಳೆಯರ ಮುಂದೆ ಗಟ್ಟಿಯಾಗಿ ಓದಿ. ಆ ಕಳ್ಳನನ್ನು ನಗದೆ ಓದಲು ಬಂದರೆ ಈ ಸಲದ ಜಾತ್ರೆಯ ಪಾರ್ಟಿಗೆ ನೀವು ತಯಾರಾಗಿದ್ದೀರಿ.